ಸುಳಿ ನೋಡಿದ ಮಾವ

ಮೊನ್ನೆ ಕೆಮ್ಮಿಗೆಂದು ಮಗಳನ್ನು ಮದ್ದೂರಿನ ಮಕ್ಕಳ ಡಾಕ್ಟರಿಗೆ ತೋರಿಸಲು ಹೋಗಿದ್ದೆ. ಜೊತೆಗೆ ನಮ್ಮ ಮಾವನೂ ಇದ್ದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಮಗಳ ಎದೆಗಿಟ್ಟರು. ನನಗೆ ಮಂಡ್ಯದ ಡಾಕ್ಟರಮ್ಮ ನೆನಪಾದರು, ಅವರೂ ಹೀಗೇ ಉಜ್ಜುತ್ತಿದ್ದರು.

ಆಗ ಮಗಳಿನ್ನೂ ನಮ್ಮವಳಾಗಿರಲಿಲ್ಲ. ದತ್ತು ಒಪ್ಪುವ ಮೊದಲು ನಿಮ್ಮ ವೈದ್ಯರಿಗೊಮ್ಮೆ ತೋರಿಸಿಕೊಳ್ಳಿ ಎಂದು ದತ್ತು ಕೇಂದ್ರದವರು ಆಯಾಳ ಕೈಯಲ್ಲಿ ಮಗುವನ್ನು ಕಳಿಸಿದ್ದರು. ನಾನು, ನನ್ನ ಗಂಡ ಹೋದದ್ದು ಸರಿ. ಮಾವನೂ ಟವೆಲ್ ಹೆಗಲಿಗೇರಿಸಿ ಹೊರಟರು. ನಮ್ಮೂರು ಕೊತ್ತತ್ತಿಯಲ್ಲಿ ಅವರು ನೋಡದೆ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ. ಹಲ್ಲು, ಗೊರಸು, ಮೈಮೇಲಿನ ಕೂದಲ ಸುಳಿ ಎಲ್ಲ ನೋಡಿ ಅವರು ತಲೆಯಾಡಿಸಿದರೇನೇ ವ್ಯಾಪಾರ. ಹೆಣ್ಣು ನೋಡಲು ಬಂದಾಗ ನನ್ನ ಹಲ್ಲು ಎಣಿಸಲಿಲ್ಲವಲ್ಲ, ಅದು ನನ್ನ ಪುಣ್ಯ.

ಡಾಕ್ಟರಮ್ಮ ಸ್ಕ್ಯಾನ್ ನೋಡಿದರು, ಎದೆ ಕೇಳಿದರು. "ಹೃದಯದಲ್ಲಿ ಸಣ್ಣ ತೂತಿದೆ. ಎಷ್ಟೋ ಮಕ್ಕಳಿಗೆ ತಾನಾಗೇ ಮುಚ್ಕೊಳ್ಳುತ್ತೆ. ಇಲ್ಲದಿದ್ರೆ ಆಪರೇಷನ್ ಬೇಕಾಗ್ಬಹುದು. ಇವಳಿಗೆ ಮುಚ್ಚೇ ಮುಚ್ಚುತ್ತೆ ಅಂತ ನಾನು ಹೇಳೋಕಾಗಲ್ಲ. ನೋಡ್ಕೋತೀನಿ ಅಂತ ಮಾತ್ರ ಹೇಳಬಲ್ಲೆ."

ಆ ಮಗು ನನಗೆ ಆಗಲೇ ಬೇಕಾಗಿಹೋಗಿತ್ತು. ಮಾವ ಬೇಡವೆಂದರೆ ನನ್ನ ಗಂಡ ಎದುರಾಡುವವರಲ್ಲ.

ಮಾವ ಬಗ್ಗಿ ಮಗುವಿನ ನೆತ್ತಿಯ ಮೇಲೆ ಬೆರಳಾಡಿಸತೊಡಗಿದರು.

"ಏನು ಹುಡುಕ್ತಿದ್ದೀರಿ, ಯಜಮಾನ್ರೇ?"

"ಸುಳಿ ಕಣಮ್ಮ."

"ಹೇಗಿದೆ?" ಡಾಕ್ಟರಮ್ಮ ನಗದೆ ಕೇಳಿದರು.

"ಚೆಂದಾಗೈತೆ. ಆದ್ರೆ ಚೆಂದಾಗಿರೋ ಸುಳಿ ನೋಡಿ ತಂದ ಎತ್ತೇ ನಮ್ಮನೇಲಿ ಕಾಯ್ಲೆ ಬಿತ್ತು. ಒಂಟೋಗು ಅಂದ್ನಾ? ಮೇವಾಕಿ ಸಾಕ್ದೆ. ನೋಡ್ಕತೀನಿ ಅಂದ್ರಲ್ಲ ನೀವು, ನಾವೂ ನೋಡ್ಕತೀವಿ ಬುಡಿ."

ನಾನು ಅಲ್ಲೇ ಅತ್ತುಬಿಟ್ಟೆ. ತೂತೇನೋ ಕ್ರಮೇಣ ಮುಚ್ಚಿಕೊಂಡಿತು. ಆದರೆ ಡಾಕ್ಟರಮ್ಮ ಅಂದು ಹೇಳಿದ ಇನ್ನೊಂದು ಮಾತು ಉಳಿಯಿತು: ಮನೆತನದ ಕಾಯಿಲೆ ಕೇಳಿದರೆ ಯಾವ ವೈದ್ಯರಿಗೂ ಸುಳ್ಳು ಹೇಳಬೇಡಿ, ಗೊತ್ತಿಲ್ಲ ಅನ್ನಿ, ಅದೂ ಉತ್ತರವೇ. ಹೇಳುತ್ತಲೇ ಬಂದಿದ್ದೇನೆ. ಆದರೂ ನೀವೇ ಹೇಳಿ, ಹೆತ್ತವಳಲ್ಲವೆಂದು ಪ್ರತಿ ಸಲ ಒಪ್ಪಿಕೊಳ್ಳುವುದು ಯಾವ ತಾಯಿಗೆ ಹಿತ?

ಮೊನ್ನೆಯೂ ಅದೇ ಪ್ರಶ್ನೆ. "ಮನೇಲಿ ಯಾರಿಗಾದ್ರೂ ಉಬ್ಬಸ ಇದೆಯಾ?"

ನಾನು ಬಾಯಿ ತೆರೆಯುವ ಮೊದಲೇ ಮಾವ ಎಂದರು, "ನಂಗೈತಲ್ಲ ಕಣವ್ವ! ತಾತನ್ದು ಮೊಮ್ಮಗಳ್ಗೆ ಬರ್ದೆ ಇನ್ಯಾರ್ಗ್ ಬಂದಾತು?"

ಡಾಕ್ಟರು ಬರೆದುಕೊಂಡರು. ಮಾವ ಮೊಮ್ಮಗಳ ಕೈಹಿಡಿದು ಹೊರಗೆ ಹೋಗುವವರೆಗೆ ಕಾದು, ಮಗಳಿಗೂ ಗೊತ್ತಿರುವ ನಿಜವನ್ನು ಡಾಕ್ಟರಿಗೆ ಹೇಳಿದೆ.

"ತಾತನಿಗೆ ಗೊತ್ತಿಲ್ವಾ?"

"ಗೊತ್ತಿತ್ತು," ಎಂದೆ. "ಮರೆತುಬಿಟ್ಟಿದ್ದಾರೆ."