ಒಂದೊಂದು ಬಕೆಟ್ ಬಿಸಿನೀರು

ನಾನು ಬೈಲಹೊಂಗಲದಿಂದ ಸವದತ್ತಿಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಆಗ ನಮ್ಮ ಮನೆಯ ಹಿತ್ತಲಿನಲ್ಲಿ ನಾಲ್ಕು ಖೋಲಿಗಳಿದ್ದವು. ಮಾವನವರು ತೀರಿಕೊಳ್ಳುವ ಮೊದಲು ಕಟ್ಟಿಸಿದ್ದು. ದೇವಿಯ ಗುಡ್ಡಕ್ಕೆ ನಡೆದುಕೊಳ್ಳುವ ಮಂದಿ, ಬೇಸಿಗೆ ಸೂಟಿಯಲ್ಲಿ ಮಕ್ಕಳಿಗೆ ಆಣೆಕಟ್ಟು ತೋರಿಸಲು ಬರುವವರು ಒಂದೆರಡು ದಿನದ ಮಟ್ಟಿಗೆ ಅಲ್ಲಿ ಇಳಿದುಕೊಳ್ಳುತ್ತಿದ್ದರು. ಹೊರಗೆ ಬೋರ್ಡು ಏನೂ ಇರಲಿಲ್ಲ. ಒಮ್ಮೆ ಬಂದವರು ಮರುವರ್ಷ ಮತ್ತೆ ಬರುತ್ತಿದ್ದರು, ಬರುವಾಗ ಇನ್ನೊಂದು ಸಂಸಾರವನ್ನು ಜೊತೆಗೆ ಕರೆತರುತ್ತಿದ್ದರು. ನನ್ನ ಗಂಡ ಮುನವಳ್ಳಿಯ ಸಾಲೆಯಲ್ಲಿ ಮಾಸ್ತರರು. ಹೀಗಾಗಿ ಖೋಲಿಗಳ ಕಾರಭಾರ ಪೂರ್ತಿಯಾಗಿ ನಮ್ಮ ಅತ್ತೆಯವರದೇ ಆಗಿತ್ತು.

ಅತ್ತೆಯವರಿಗೆ ಏನೊಂದು ಹಾಳಾದರೂ ಜೀವ ತಡೆಯುತ್ತಿರಲಿಲ್ಲ. ಇಳಿದುಕೊಂಡವರು ಗುಡ್ಡಕ್ಕೆ ಹೊರಟರೆ ಅವರ ಬೆನ್ನ ಹಿಂದೆಯೇ ಹೋಗಿ ಕಿಟಕಿಯಿಂದ ಇಣುಕಿ ನೋಡುತ್ತಿದ್ದರು. ಫ್ಯಾನು ತಿರುಗುತ್ತಿದ್ದರೆ ಅವರನ್ನು ಅರ್ಧ ಓಣಿಯಿಂದ ವಾಪಸು ಕರೆಯುತ್ತಿದ್ದರು. ಒಂದು ಸಲ ಹುಬ್ಬಳ್ಳಿ ಕಡೆಯ ದೊಡ್ಡ ನೌಕರಿಯವರೊಬ್ಬರು ಹಗಲು ಹೊತ್ತಿನಲ್ಲಿ ಬಲ್ಬು ಹಾಕಿಕೊಂಡು ಪೇಪರು ಓದುತ್ತಿದ್ದರು. ಅತ್ತೆ ಬಾಗಿಲಲ್ಲಿ ನಿಂತು, "ಸೂರ್ಯಾ ಹೊಸ್ತಿಲದಾಗ ನಿಂತಾನ, ಒಳಗ ಬಲ್ಬ ಯಾಕ್ರಿ ತಮ್ಮಾ? ಕುರ್ಚಿ ಹೊರಗ ತರತೇನಿ, ಕಟ್ಟಿ ಮ್ಯಾಲೆ ಕುಂತು ಓದ್ರಿ" ಎಂದರು. ಅವರು ಸಿಟ್ಟಾಗುತ್ತಾರೆಂದು ನಾನು ಹೆದರಿದ್ದೆ. ಅವರು ನಗುತ್ತಾ ಎದ್ದು ಬಂದು ಬೇವಿನ ಮರದ ಕೆಳಗೆ ಕೂತರು. ಮಧ್ಯಾಹ್ನದ ಊಟವನ್ನೂ ಅಲ್ಲಿಯೇ ಮಾಡಿದರು.

ನೀರು ಕಾಯಿಸುವುದು ಮಾತ್ರ ಅತ್ತೆ ಯಾರ ಕೈಗೂ ಕೊಡದ ಕೆಲಸ. ಹಿತ್ತಲಿನ ಮೂಲೆಯಲ್ಲಿ ದೊಡ್ಡ ಒಲೆ, ಅದರ ಮೇಲೆ ತಾಮ್ರದ ಹಂಡೆ. ಕೋಳಿ ಕೂಗುವ ಹೊತ್ತಿಗೆ ಎದ್ದು ಹತ್ತಿಕಟ್ಟಿಗೆ, ಕುಳ್ಳು, ಗೋವಿನಜೋಳದ ಬೆಂಡು ಒಟ್ಟಿ ಬೆಂಕಿ ಹಾಕುತ್ತಿದ್ದರು. ಇಳಿದುಕೊಂಡವರು ಬಕೆಟ್ ಹಿಡಿದು ಅಲ್ಲಿಗೆ ಬರಬೇಕು. ಒಬ್ಬರಿಗೆ ಒಂದು ಬಕೆಟ್. ಬಾಣಂತಿಯರಿಗೆ, ಮುದುಕರಿಗೆ ಕೇಳದೆಯೇ ಇನ್ನೆರಡು ತಂಬಿಗೆ ಹೆಚ್ಚು. ನೀರು ಕಾಯುವ ತನಕ ಎಲ್ಲರೂ ಒಲೆಯ ಸುತ್ತ ಕುಕ್ಕರಗಾಲಲ್ಲಿ ಕೂತು ಕೈ ಕಾಯಿಸಿಕೊಳ್ಳುತ್ತಾ ಮಾತಾಡುತ್ತಿದ್ದರು. ಯಾರ ಮಗಳಿಗೆ ವರ ಹತ್ತುತ್ತಿಲ್ಲ, ಯಾರ ಹೊಲದ ಬದುವಿನ ಜಗಳ ಇನ್ನೂ ಮುಗಿದಿಲ್ಲ, ಯಾರು ಯಾವ ಹರಕೆ ಹೊತ್ತು ಬಂದಿದ್ದಾರೆ, ಎಲ್ಲವೂ ಅತ್ತೆಗೆ ಗೊತ್ತು. ಸಾಂಗಲಿ ಕಡೆಯ ಒಬ್ಬರು ಪ್ರತಿವರ್ಷ ಹೆಂಡತಿಯ ಜೊತೆ ಬರುತ್ತಿದ್ದರು. ಒಂದು ವರ್ಷ ಒಬ್ಬರೇ ಬಂದರು. ಅತ್ತೆ ಅವರ ಬಕೆಟ್ಟನ್ನು ಎಲ್ಲರಿಗಿಂತ ಕೊನೆಗೆ ತುಂಬಿಸಿದರು. ಉಳಿದವರೆಲ್ಲ ಎದ್ದುಹೋದ ಮೇಲೆ ಆ ಮನುಷ್ಯ ತಾವಾಗಿಯೇ ಹೇಳಿಕೊಂಡು ಅತ್ತರು.

ಎಲ್ಲರಿಗೂ ಅಷ್ಟು ತಾಳ್ಮೆ ಇರುತ್ತಿರಲಿಲ್ಲ. ಒಂದು ಚಳಿಗಾಲದಲ್ಲಿ ಬಂದ ಸಂಸಾರವೊಂದಕ್ಕೆ ಬೇಗ ಹೊರಡಬೇಕಿತ್ತು. ಅವರು ಚೀಲದಲ್ಲಿ ಕರೆಂಟಿನಿಂದ ನೀರು ಕಾಯಿಸುವ ಕಾಯಿಲ್ ತಂದಿದ್ದರು. ಬೇಡವೆಂದು ಅತ್ತೆ ಹಿಂದಿನ ದಿನವೇ ಹೇಳಿದ್ದರು. ಆದರೂ ಬೆಳಿಗ್ಗೆ ಬಾಗಿಲು ಮುಂದೆ ಮಾಡಿ, ಕಬ್ಬಿಣದ ಬಕೆಟ್ಟಿನಲ್ಲಿ ಕಾಯಿಲ್ ಇಟ್ಟು, ಆ ತಾಯಿ ಒಣಗಿದ ಅರಿವೆ ತರಲು ಹೊರಗೆ ಬಂದಳು. ಐದು ವರ್ಷದ ಮಗಳು ಒಳಗಿದ್ದಳು. ಒಂದು ಚೀರಾಟ ಕೇಳಿತು, ಅಷ್ಟೇ. ಅತ್ತೆ ಖೋಲಿಯ ಕಡೆ ಓಡಲಿಲ್ಲ. ಪಡಸಾಲೆಗೆ ಓಡಿ ಮೇನ್ ಸ್ವಿಚ್ ಎಳೆದರು, ಆಮೇಲೆ ಖೋಲಿಗೆ ಹೋದರು. ಹುಡುಗಿ ಗೋಡೆಯ ಬದಿಗೆ ಬಿದ್ದಿದ್ದಳು, ಬೆರಳು ಕೆಂಪಾಗಿದ್ದವು. ಸ್ವಲ್ಪ ಹೊತ್ತಿಗೆ ಉಸಿರು ಎಳೆದುಕೊಂಡು ಅಳತೊಡಗಿದಳು. ದವಾಖಾನೆಗೆ ಕರೆದುಕೊಂಡು ಹೋದೆವು. ಏನೂ ಆಗಿಲ್ಲ ಎಂದರು. ಆಕೆಯ ತಾಯಿ ಅತ್ತೆಯ ಕಾಲು ಹಿಡಿದಳು. ಅತ್ತೆ ಅವಳನ್ನು ಎಬ್ಬಿಸಿ, "ನಿಂದೇನ ತಪ್ಪಿಲ್ಲವಾ. ನಾ ಇನ್ನಷ್ಟ ಬೇಗ ಎದ್ದಿದ್ದರ ನಿನಗ ನೀರ ಸಿಗತಿತ್ತು" ಎಂದರು.

ಮರುದಿನ ನನ್ನ ಗಂಡ ನಾಲ್ಕೂ ಖೋಲಿಗಳ ಪ್ಲಗ್ಗಿನ ಮೇಲೆ ಕಟ್ಟಿಗೆಯ ತುಂಡು ಬಡಿದರು. ಅತ್ತೆ ಇನ್ನೂ ಒಂದು ತಾಸು ಮೊದಲೇ ಏಳತೊಡಗಿದರು. ಹೆಚ್ಚು ಕಟ್ಟಿಗೆ, ಹೆಚ್ಚು ಹೊಗೆ. ಎರಡು ವರ್ಷದಲ್ಲಿ ಕೆಮ್ಮು ಎದೆಗೆ ಇಳಿಯಿತು. ಬೈಲಹೊಂಗಲದಲ್ಲಿ ನನ್ನ ತವರಿಗೆ ಗೊತ್ತಿದ್ದ ಡಾಕ್ಟರರಿಗೆ ತೋರಿಸಿದೆವು. ಅವರು ಔಷಧಕ್ಕಿಂತ ಮೊದಲು ಒಲೆಯ ಮಾತು ತೆಗೆದರು. "ಹೊಗಿ ಮುಂದ ಕುಂತರ ನನ್ನ ಗುಳಿಗಿ ಏನೂ ಮಾಡೂದಿಲ್ಲರಿ ಆಯಿ" ಎಂದರು.

ಆ ಹೊತ್ತಿಗೆ ಧಾರವಾಡದಲ್ಲಿ ನನ್ನ ಅಕ್ಕನ ಮನೆಯ ಮೇಲೆ ಸೋಲಾರ್ ಕೂಡಿಸಿದ್ದನ್ನು ನಾನು ನೋಡಿ ಬಂದಿದ್ದೆ. ಕಟ್ಟಿಗೆ ಬೇಡ, ಕರೆಂಟು ಬೇಡ, ನಳ ತಿರುಗಿಸಿದರೆ ಸಾಕು. ನಮ್ಮ ಕಡೆ ಬಿಸಿಲಿಗೇನು ಬರವೇ ಎಂದು ಗಂಡನಿಗೆ ಹಟ ಹಿಡಿದೆ. ಅತ್ತೆ ಮಾತ್ರ, "ಬಿಸಲಾಗ ಕಾದ ನೀರು ಒಲಿ ನೀರಿನಂಗ ಮೈಗಿ ಹತ್ತೂದಿಲ್ಲವಾ" ಎಂದರು. ಆದರೂ ತಡೆಯಲಿಲ್ಲ. ಖೋಲಿಗಳ ಮೇಲೆ ಸೋಲಾರಿನ ನೀರಿನ ಟಾಕಿ ಕೂತಿತು. ನಾಲ್ಕೂ ಬಚ್ಚಲುಗಳಿಗೆ ಪೈಪು ಇಳಿಯಿತು. ಮೊದಲ ದಿನ ನಳದಿಂದ ಹಬೆಯಾಡುವ ನೀರು ಬಂದಾಗ ನಾನು ದೊಡ್ಡ ಸಾಧನೆ ಮಾಡಿದವಳ ಹಾಗೆ ಅತ್ತೆಯ ಕೈ ಹಿಡಿದು ಅದರ ಕೆಳಗೆ ಒಡ್ಡಿದೆ. "ಬಿಸಿ ಐತಿ" ಎಂದರು. ಕೈ ಸೆರಗಿಗೆ ಒರೆಸಿಕೊಂಡು ಕಟ್ಟೆಯ ಕಡೆ ಹೋದರು.

ಆಮೇಲೆ ಅತ್ತೆ ಹೊತ್ತೇರಿದ ಮೇಲೆ ಏಳತೊಡಗಿದರು. ಇಳಿದುಕೊಂಡವರು ಅವರವರ ಬಚ್ಚಲಲ್ಲಿ ಸ್ನಾನ ಮುಗಿಸಿ, ಬೀಗ ಹಾಕಿ ಹೋಗುತ್ತಿದ್ದರು. ಕಟ್ಟೆಯ ಮೇಲೆ ಕೂತ ಅತ್ತೆಗೆ ಹೋಗುವಾಗ ಒಂದು ನಮಸ್ಕಾರ, ಅಷ್ಟೇ. ಫ್ಯಾನು ಆರಿಸಿದ್ದಾರೋ ಇಲ್ಲವೋ ಎಂದು ನೋಡಲೂ ಅವರು ಎದ್ದುಹೋಗುತ್ತಿರಲಿಲ್ಲ. "ಅವ್ವ ಯಾಕ ಹಿಂಗ ಸುಮ್ಮನ ಕುಂತಾಳ?" ಎಂದು ಗಂಡ ಕೇಳಿದರು. ಆರಾಮ ಸಿಕ್ಕಿದೆ, ಅದಕ್ಕೆ ಎಂದೆ. ನನಗೂ ಹಾಗೆಯೇ ನಂಬುವುದು ಬೇಕಾಗಿತ್ತು.

ಒಂದು ಸಲ ಮುರಗೋಡದಲ್ಲಿ ಮದುವೆ ಮುಗಿಸಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಹಿಂತಿರುಗಿದೆ. ಓಣಿಯ ತಿರುವಿನಿಂದಲೇ ನಮ್ಮ ಹಿತ್ತಲಿನಲ್ಲಿ ಹೊಗೆ ಏಳುವುದು ಕಂಡಿತು. ಒಳಗೆ ಹೋದರೆ ಅತ್ತೆ ಹಳೆಯ ಒಲೆಯ ಮುಂದೆ ಕೆಮ್ಮುತ್ತಾ ಕೂತಿದ್ದಾರೆ. ಪಕ್ಕದಲ್ಲಿ ಎಳೆಗೂಸನ್ನು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ಬಕೆಟ್ ಇಟ್ಟುಕೊಂಡು ಕಾಯುತ್ತಿದ್ದಾಳೆ.

"ಅತ್ತೀ, ಡಾಕ್ಟರ್ ಏನ ಹೇಳ್ಯಾರ್ರಿ?" ಎಂದೆ. ನನ್ನ ದನಿ ಏರಿತ್ತು.

"ಹೇಳ್ಯಾರ. ಆದರ ಈಕಿ ಮಗೀಗೆ ಏನ ಹೇಳ್ಲಿ? ಮೊದಲ ಎದ್ದವರು ನಳ ಬಿಟ್ಟುಕೊಂಡು ಸಾಬಾಣ ಹಚ್ಚಿಕೋಂತ ನಿಂತಿದ್ದರು. ಹಿಂದಿನವರಿಗೆ ಬರೇ ತಣ್ಣೀರ ಬರತೈತಿ."

"ಎಷ್ಟ ದಿನದಿಂದ ಹಿಂಗ?"

"ಮಂದಿ ತುಂಬಿದಾಗೆಲ್ಲಾ. ನೀ ಮುಂಜಾನೆ ಅಡಗಿಮನ್ಯಾಗ ಇರತಿ, ನಿನಗ ಕಾಣೂದಿಲ್ಲ."

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಸಿಟ್ಟಿಗಿಂತ ನಾಚಿಕೆ ಹೆಚ್ಚಾಯಿತು. ಉಳಿಸಲೆಂದು ತಂದ ಬಿಸಿಲಿನ ನೀರು ಅರ್ಧಕ್ಕರ್ಧ ಬಚ್ಚಲ ಮೋರಿಗೆ ಹೋಗುತ್ತಿತ್ತು. ಅದರ ಮೇಲೆ ಕಟ್ಟಿಗೆಯೂ ಉರಿಯುತ್ತಿತ್ತು, ಅತ್ತೆಯ ಎದೆಯೂ ಉರಿಯುತ್ತಿತ್ತು. ಹಂಡೆಯ ಕಾಲದಲ್ಲಿ ಒಂದು ತಂಬಿಗೆಯೂ ಹಾಳಾಗದೆ ಇದ್ದದ್ದು ಹಂಡೆಯಿಂದಲ್ಲ, ಅತ್ತೆ ಅಲ್ಲಿ ಕೂತಿದ್ದರಿಂದ. ಅಷ್ಟು ವರ್ಷ ಅದೇ ಮನೆಯಲ್ಲಿದ್ದೂ ನನಗೆ ಅದು ಹೊಳೆದಿರಲಿಲ್ಲ.

ನನ್ನ ಮುಖ ನೋಡಿ ಅತ್ತೆಯೇ ಮೆತ್ತಗಾದರು. "ನೀ ತಂದದ್ದು ಕೆಟ್ಟದ್ದಲ್ಲವಾ. ಆದರ ಅದರ ಮುಂದ ಯಾರರ ಒಬ್ಬರು ಕುಂಡ್ರಬೇಕು."

ಆ ವಾರವೇ ನಳದ ಕೆಲಸದವನನ್ನು ಕರೆಸಿದೆವು. ಬಚ್ಚಲುಗಳಿಗೆ ಹೋಗುವ ಬಿಸಿನೀರಿನ ಪೈಪುಗಳನ್ನು ಮುಚ್ಚಿಸಿ, ಟಾಕಿಯಿಂದ ಒಂದೇ ಒಂದು ಪೈಪನ್ನು ಹಿತ್ತಲಿನ ಮೂಲೆಗೆ ಇಳಿಸಿದೆವು. "ಜಗತ್ತು ಬಚ್ಚಲದಾಗ ನಳ ಹಾಕಸಾಕ ಹತ್ತೇತಿ, ನೀವು ಹಾಕಿದ್ದು ತಗಸಾಕ ಹತ್ತೀರಿ" ಎಂದು ಅವನು ಆಡಿಕೊಂಡ. ಅತ್ತೆ ಅವನಿಗೆ ಚಹಾ ಕೊಟ್ಟು, ನಳದ ಬುಡಕ್ಕೆ ಒಂದು ಕಲ್ಲು ಹಾಸು ಎಂದರು. ಒಲೆ ಕೆಡವಲು ಬಿಡಲಿಲ್ಲ. ಮಳೆಗಾಲದಲ್ಲಿ ಮೋಡ ಕವಿದ ದಿನಗಳಿಗೆ ಅದು ಬೇಕಾಗುತ್ತಿತ್ತು. ಅಂಥ ದಿನ ಬೆಂಕಿ ಹಾಕುವುದು ನನ್ನ ಪಾಲು ಎಂದು ಮಾತಾಯಿತು.

ಮತ್ತೆ ಮಂದಿ ಬಕೆಟ್ ಹಿಡಿದು ಅಲ್ಲಿಗೆ ಬರತೊಡಗಿದರು. ಕೆಲವರು ಗೊಣಗಿದರು. ದುಡ್ಡು ಕೊಟ್ಟು ಇಳಿದುಕೊಂಡು ನೀರಿಗೆ ಸರತಿ ನಿಲ್ಲಬೇಕೇ ಎಂದು ಒಬ್ಬರು ಬೇರೆ ಕಡೆ ಹೋದದ್ದೂ ಉಂಟು. ಉಳಿದವರು ನಿಂತರು. ನಿಂತವರು ಕೂತರು, ಕೂತವರು ಮಾತಾಡಿದರು. ಖೋಲಿಗಳು ತುಂಬಿದ ದಿನವೂ ಟಾಕಿಯ ನೀರು ಕೊನೆಯವರ ತನಕ ಸಾಕಾಗುತ್ತಿತ್ತು. ಅತ್ತೆಯ ಕೆಮ್ಮು ಪೂರ್ತಿ ಹೋಗಲಿಲ್ಲ, ಆದರೆ ಮಾತನ್ನು ನಡುವೆ ನಿಲ್ಲಿಸುವಷ್ಟು ಬರುತ್ತಿರಲಿಲ್ಲ. ಫ್ಯಾನು ನೋಡಲು ಕಿಟಕಿಗೆ ಇಣುಕುವುದೂ ಮತ್ತೆ ಶುರುವಾಯಿತು.

ಏಳೆಂಟು ವರ್ಷ ಹೀಗೆಯೇ ನಡೆಯಿತು. ಆಮೇಲೆ ಮೊಣಕಾಲು ನೋವು ಹೆಚ್ಚಾಗಿ ಅತ್ತೆಗೆ ಹಿತ್ತಲಿಗೆ ಬರಲು ಆಗದಾಯಿತು. ಅವರ ಜಾಗದಲ್ಲಿ ನಾನು ಕೂತೆ. ಒಬ್ಬರಿಗೆ ಒಂದು ಬಕೆಟ್, ಸರಿಯಾಗಿ ಅಂಚಿನ ತನಕ. ಬಂದವರು ನೀರು ತುಂಬಿಸಿಕೊಂಡು, "ಆಯಿ ಎಲ್ಲಿ ಅದಾರ?" ಎಂದು ಕೇಳಿ ಹೋಗಿಬಿಡುತ್ತಿದ್ದರು. ಯಾರೂ ಕೂರುತ್ತಿರಲಿಲ್ಲ. ಒಳಗೆ ಮಂಚದ ಮೇಲೆ ಮಲಗಿದ್ದ ಅತ್ತೆಗೆ ಬಕೆಟ್ಟಿನ ಸಪ್ಪಳವಷ್ಟೇ ಕೇಳಿಸುತ್ತಿತ್ತು. ಮೂರನೆಯ ದಿನ ನನ್ನನ್ನು ಕರೆದರು.

"ಬಕೀಟ ತುಂಬೂತನಾ ಏನರ ಕೇಳಬೇಕವಾ. ತುಂಬಿದ ಮ್ಯಾಲೆ ಯಾರೂ ನಿಂದ್ರೂದಿಲ್ಲ."

"ಏನ ಕೇಳ್ಲಿರಿ?"

"ಯಾ ಊರ ಅಂತ ಕೇಳು. ಊರಿಂದ ಎಲ್ಲಾ ಬರತೈತಿ."

ಮರುದಿನ ಮೊದಲು ಬಂದವಳು ನನ್ನದೇ ವಯಸ್ಸಿನ ಹೆಂಗಸು. ನಳ ತಿರುಗಿಸುತ್ತಾ ಯಾವ ಊರು ಎಂದು ಕೇಳಿದೆ. ಕಿತ್ತೂರು ಎಂದಳು. ಕಿತ್ತೂರಿನಲ್ಲಿ ಎಲ್ಲಿ ಎಂದೆ. ಕೋಟೆಯ ಹತ್ತಿರ ಇದ್ದ ಮನೆ ಮಾರಿದ್ದು, ಮೈದುನ ಮಾತು ಬಿಟ್ಟದ್ದು, ತೀರಿಹೋದ ತನ್ನ ಅತ್ತೆಯ ಮುಖ ನೋಡಲೂ ಕರೆಯದೆ ಇದ್ದದ್ದು ಒಂದೊಂದಾಗಿ ಬಂದವು. ಬಕೆಟ್ ತುಂಬುತ್ತಲೇ ನಾನು ನಳ ನಿಲ್ಲಿಸಿದೆ. ಆಕೆ ಮಾತು ನಿಲ್ಲಿಸಲಿಲ್ಲ. ಹಿಂದೆ ನಿಂತವರೂ ಅವಸರ ಮಾಡಲಿಲ್ಲ.