ಪಲ್ಲವಿಯ ಮುಂಗೈ ಮೇಲಿನ ಬಂಡೂರು ಟಗರು

ಸ್ನೇಹಿತರೇ, ಬೆಳಿಗ್ಗೆ ಬಂಡೂರಿನಲ್ಲಿ ನನ್ನ ಅಕ್ಕನ ಮಗಳು ಪಲ್ಲವಿಯನ್ನು ನೋಡಲು ಯಲಿಯೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಹೋದ ತಿಂಗಳು ಈ ಹುಡುಗಿ ಮಂಡ್ಯಕ್ಕೆ ಹೋಗಿ, ತಾನೇ ಸಾಕಿದ ಟಗರಿನ ಹಚ್ಚೆಯನ್ನು ಮುಂಗೈ ಮೇಲೆ ಹಾಕಿಸಿಕೊಂಡು ಬಂದಿದ್ದಾಳೆ. ಅದು ಕಣ್ಣಿಗೆ ಬಿದ್ದರೆ ಸಂಬಂಧ ಮುರಿಯುತ್ತದೆಂದು ಹೆದರಿದ ಅಕ್ಕ, ಈ ಸೆಕೆಯಲ್ಲೂ ಅವಳಿಗೆ ಉದ್ದ ತೋಳಿನ ರವಿಕೆ ತೊಡಿಸಿದ್ದಳು.

ಕಾಫಿ ತೆಗೆದುಕೊಳ್ಳುವಾಗ ಗಂಡಿನ ಅಜ್ಜಿ ಕೇಳಿಯೇಬಿಟ್ಟರು. "ಯಾಕವ್ವ ಈಪಾಟಿ ತೋಳು ಮುಚ್ಕಂಡಿದ್ದೀಯೆ? ಸುಟ್ಟಗಾಯ ಗೀಯ ಅದಾ?"

ಪಲ್ಲವಿ ಕಾಫಿ ತಟ್ಟೆ ಕೆಳಗಿಟ್ಟು, ತೋಳು ಮಡಿಸಿ ತೋರಿಸಿದಳು. ಅಕ್ಕ ಕಣ್ಣು ಮುಚ್ಚಿಕೊಂಡಳು.

ಅಜ್ಜಿ ಹಚ್ಚೆ ತುಂಬಿದ ತಮ್ಮ ಕೈಯನ್ನು ಆ ಟಗರಿನ ಪಕ್ಕಕ್ಕೆ ಹಿಡಿದು ನೋಡಿದರು. "ಕಾಲು ಗಿಡ್ಡ, ಮೈ ದಪ್ಪ. ಅಪ್ಪಟ ಬಂಡೂರು ತಳಿ ಕಣಮ್ಮ! ನಮ್ಮತ್ತೆ ಅಚ್ಚೆ ಇಲ್ದಿರೋ ಸೊಸೆ ಕೈಲಿ ನೀರೂ ಈಸ್ಕತಿರ್ನಿಲ್ಲ. ಚುಚ್ಚುವಾಗ ಅಳ್ನಿಲ್ವಾ?"

"ಇಲ್ಲಜ್ಜಿ. ನಿಮ್ ಮೊಮ್ಮಗನ ಕೈಮೇಲೂ ಅದಾ?"

"ಅವ್ನಾ? ಇಂಜೆಕ್ಷನ್ ಅಂದ್ರೆ ಓಡೋಯ್ತನೆ, ಬುಡು!"

ಗಂಡು ನಾಚಿ ನಕ್ಕ. ಸಂಬಂಧ ಅಲ್ಲೇ ಕುದುರಿತು.

"ನಮ್ಮ ವಂಶದ ಧೈರ್ಯವೇ ಅಂಥದ್ದು" ಎಂದು ನಾನು ಮೀಸೆ ತಿರುವಿದೆ. ಅಜ್ಜಿ ನನ್ನ ತೋಳಿನ ಮೇಲಿದ್ದ ಒಂಟಿ ಹಸಿರು ಚುಕ್ಕಿ ತೋರಿಸಿ, "ಇದೇನ್ಲಾ ಮಗಾ?" ಎಂದರು. ಹುಟ್ಟುಮಚ್ಚೆ ಎಂದೆ. ಚಿಕ್ಕಂದಿನಲ್ಲಿ ಹಚ್ಚೆಯವಳು ಮೊದಲ ಸೂಜಿ ಚುಚ್ಚುತ್ತಲೇ ನಾನು ಎದ್ದು ಓಡಿದ ಸಂಗತಿ ಇಷ್ಟು ವರ್ಷ ಅಕ್ಕನಿಗೆ ಮಾತ್ರ ಗೊತ್ತಿತ್ತು. ಈಗ ನಿಮಗೂ ಗೊತ್ತಾಯಿತು, ಯಲಿಯೂರಿಗೆ ಮುಟ್ಟಿಸಬೇಡಿ.