ದನದ ಡಾಕ್ಟರರ ಬೇಸಿಗೆ ಕೋಟು

ಹುನಗುಂದದಲ್ಲಿ ಮೂವತ್ತು ವರ್ಷದಿಂದ ಹೊಲಿಗೆ ಯಂತ್ರ ತುಳಿಯುತ್ತಿದ್ದೇನೆ. ಮದುಮಕ್ಕಳ ಕೋಟು, ಪೊಲೀಸರ ಖಾಕಿ, ಶಾಲೆ ಮಕ್ಕಳ ಚಡ್ಡಿ ಎಲ್ಲ ನನ್ನ ಕೈ ದಾಟಿ ಹೋಗಿವೆ. ಅಹ್ಮದಸಾಬನ ಹೊಲಿಗೆ ಬಿಚ್ಚಿತು ಎಂದು ಒಬ್ಬರೂ ತಿರುಗಿ ಬಂದಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಈಗ ಆ ಮಾತು ಬಾಯಿಗೆ ಬರುವುದಿಲ್ಲ. ಹೊಲಿದದ್ದು ಬಿಚ್ಚಲಿಲ್ಲ, ನಿಜ. ಆದರೆ ನಾನು ಹೊಲಿಯದೆ ಬಿಟ್ಟದ್ದೊಂದಿದೆ. ಅದರಿಂದ ಪಂಢರೀನಾಥ ಡಾಕ್ಟರರ ಬಲಗೈ ಹೋಯಿತು.

ಪಂಢರೀನಾಥ ನಮ್ಮೂರ ದನದ ದವಾಖಾನೆಯ ಡಾಕ್ಟರು. ಸಣಕಲು ಮೈ, ದಪ್ಪ ಕನ್ನಡಕ, ಯಾರನ್ನೂ ಏಕವಚನದಲ್ಲಿ ಕರೆಯದ ಬಾಯಿ. ಎಮ್ಮೆಯನ್ನೂ 'ಬರ್ರಿ ಬಾಯಾರ' ಎಂದೇ ಮಾತಾಡಿಸುತ್ತಿದ್ದರು. ಹಸುವೋ ಎಮ್ಮೆಯೋ ಈಯಲಾಗದೆ ಒದ್ದಾಡುತ್ತಿದ್ದರೆ ಭುಜದವರೆಗೆ ಸೋಪು ಸವರಿದ ಬಲಗೈಯನ್ನು ಒಳಗೆ ಹಾಕಿ, ಕಣ್ಣು ಮುಚ್ಚಿ, ಅಡ್ಡ ತಿರುಗಿದ ಕರುವಿನ ಕಾಲು ಹುಡುಕಿ ನೆಟ್ಟಗೆ ಮಾಡುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಅವರ ಆ ಕೈಗೆ ದೊಡ್ಡ ಹೆಸರಿತ್ತು. ಮನೆಗೆ ಬಂದರೆ ಮಾತ್ರ ತಾಯಿ ರುಕ್ಮಿಣೀಬಾಯಿ ಮಗನನ್ನು ಹಿತ್ತಲಲ್ಲೇ ನಿಲ್ಲಿಸಿ, ತಲೆಯ ಮೇಲೆ ಎರಡು ಕೊಡ ನೀರು ಸುರಿಯುವ ತನಕ ಒಳಗೆ ಬಿಡುತ್ತಿರಲಿಲ್ಲ.

ಎಂಬತ್ತೆರಡರ ಮಾರ್ಚ್ ತಿಂಗಳಲ್ಲಿ ಇಲಾಖೆಯವರು ಅವರಿಗೊಂದು ಮೋಟಾರ್ ಸೈಕಲ್ ಕೊಟ್ಟರು. ಅಲ್ಲಿಯವರೆಗೆ ಸೈಕಲ್ಲು, ಬಸ್ಸು, ಇಲ್ಲದಿದ್ದರೆ ಕರೆಯಲು ಬಂದವರ ಚಕ್ಕಡಿ. ನಲವತ್ತೆರಡನೆಯ ವಯಸ್ಸಿನಲ್ಲಿ ಗಾಡಿ ಕಲಿಯಲು ಹೊರಟ ಮನುಷ್ಯ ಊರ ಹೊರಗಿನ ಬಯಲಲ್ಲಿ ಎಂಟು ದಿನ ಸುತ್ತಿದರು. ಗೇರು ಬದಲಿಸುವಾಗ ಸಂಧ್ಯಾವಂದನೆ ಮಾಡಿದಂತೆ ತುಟಿ ಅಲುಗುತ್ತಿತ್ತು. ನಾವು ನಕ್ಕೆವು. ಅವರೂ ನಕ್ಕರು. ಒಂಬತ್ತನೆಯ ದಿನ ಕೈಯಲ್ಲೊಂದು ಕಾಗದ ಹಿಡಿದು ನನ್ನ ಅಂಗಡಿಗೆ ಬಂದರು.

ಕಾಗದದಲ್ಲಿ ಒಂದು ಕೋಟಿನ ಚಿತ್ರ. ತೋಳು, ಭುಜ, ಕಂಕುಳು, ಪ್ರತಿಯೊಂದಕ್ಕೂ ಬಾಣ ಎಳೆದು ಸಣ್ಣ ಅಕ್ಷರದಲ್ಲಿ ಬರೆದಿದ್ದರು.

"ಅಹ್ಮದಸಾಬ್ರ, ನಮ್ಮ ಬಿಸಲಾಗ ಅರ್ಧ ತೋಳಿನ ಅಂಗಿ ಹಾಕ್ಕೊಂಡು ಗಾಡಿ ಹೊಡದ್ರ ತಂಪ ಅನಸ್ತದ. ಖರೆ ಅಂದ್ರ ಬಿಸಿಗಾಳಿ ಮೈಯಾನ ನೀರೆಲ್ಲಾ ಹೀರಿಬಿಡ್ತದ. ಅದಕ್ಕ ಮೈ ಮುಚ್ಚಿರಬೇಕು, ಒಳಗ ಗಾಳಿನೂ ಆಡಬೇಕು, ಬಿದ್ರ ಕಲ್ಲಿಗೂ ತಡೀಬೇಕು."

"ಮೂರೂ ಒಂದ ಕೋಟಿನ್ಯಾಗ ಹ್ಯಾಂಗ ಆಗತಾವ್ರಿ ಡಾಕ್ಟರ? ಪ್ಯಾಟ್ಯಾಗ ಚರ್ಮದ್ದು ಸಿಗತೈತಿ, ಅದನ್ನ ತಗೋರಿ" ಎಂದೆ.

"ಅವ್ವ ಒಪ್ಪೂದಿಲ್ಲ. ಚರ್ಮದ ಬೂಟು ಆದ್ರ ಹೊರಗ ಬಿಡೂ ಸಾಮಾನು, ಚರ್ಮದ ಅಂಗಿ ಮೈಮ್ಯಾಲೆ ಮನಿ ಒಳಗ ಬರ್ತದ ಅಂತಾಳ. ಮತ್ತ ಮೇ ತಿಂಗಳಾಗ ಚರ್ಮಾ ಹಾಕ್ಕೊಂಡ್ರ ನಾ ಬೆಂದ ಹೋಗ್ತೇನಿ."

ಆಮೇಲೆ ಅವರು ಮಾಡಿದ್ದನ್ನು ಕಂಡು ನನಗೆ ಸಿಟ್ಟೇ ಬಂತು. ನನ್ನ ಅಂಗಡಿಯ ಬಟ್ಟೆಗಳಿಂದ ಒಂದೊಂದು ಚೂರು ಕತ್ತರಿಸಿಕೊಂಡು, ಮೆಟ್ಟಿಲ ಕಲ್ಲಿನ ಮೇಲೆ ಕೂತು, ಚೂರಿನ ಮೇಲೆ ಅಂಗೈ ಒತ್ತಿ ಇಪ್ಪತ್ತು ಸಲ ತಿಕ್ಕಿದರು. ಟೆರಿಲಿನ್ ಬಿಸಿಯಾಗಿ ಜಾಳುಜಾಳಾಯಿತು. ಖಾದಿ ಹರಿಯಿತು. ಖಾಕಿ ಸ್ವಲ್ಪ ತಾಳಿತು. ಲಾರಿಯ ಹೊದಿಕೆಗೆ ಬಳಸುವ ದಪ್ಪ ಹತ್ತಿಯ ಕ್ಯಾನ್ವಾಸು ಮಾತ್ರ ಏನೂ ಆಗದೆ ಉಳಿಯಿತು. ಬಳಿಕ ಬಿಳಿ ಚೂರು, ಹಸಿರು ಚೂರು, ಕರಿ ಚೂರು ಮೂರನ್ನೂ ಬಿಸಿಲಿಗಿಟ್ಟು, ಒಂದು ಕಪ್ ಚಹಾ ಕುಡಿದು ಬಂದು ಮುಟ್ಟಿ ನೋಡಿದರು. ಬಿಳಿ ಕ್ಯಾನ್ವಾಸೇ ಆಗಬೇಕೆಂದರು. ಬಟ್ಟೆಯ ವಿಷಯ ನನಗೆ ಇನ್ನೊಬ್ಬರು ಕಲಿಸುವುದೇ ಎಂದು ಒಳಗೊಳಗೆ ಕುದಿಯುತ್ತಿದ್ದೆ.

ಸಡಿಲವಾದ ಕೋಟು. ಕಂಕುಳಲ್ಲಿ ಮತ್ತು ಬೆನ್ನಲ್ಲಿ ಗಾಳಿಗೆ ಹಿತ್ತಾಳೆ ಬಳೆ ಹಾಕಿದ ತೂತು. ಒದ್ದೆ ವಸ್ತ್ರ ಸುತ್ತಿಕೊಳ್ಳಲು ಅಗಲ ಕೊರಳು. ಎರಡು ಮೊಣಕೈ, ಎರಡು ಭುಜ, ಈ ನಾಲ್ಕು ಕಡೆ ಕ್ಯಾನ್ವಾಸಿನ ಒಳಗೆ ನಾಲ್ಕು ಮಡಿಕೆ ಕಂಬಳಿಯ ಮೆತ್ತೆ. ಕಂಬಳಿಯನ್ನು ಅವರೇ ತಂದುಕೊಟ್ಟರು. ಶಿರಸ್ತ್ರಾಣವನ್ನು ಹುಬ್ಬಳ್ಳಿಯಿಂದ ತಂದಿದ್ದರು, ಅದೂ ಬಿಳಿ. ಕಾಲಿಗೆ ಹರಡು ಮುಚ್ಚುವ ಬೂಟು, ಕೈಗೆ ಗವಸು.

"ಬಾಕಿದ್ದೆಲ್ಲಾ ಹೆಚ್ಚುಕಮ್ಮಿ ಆದ್ರ ನಡೀತದ. ಮೊಣಕೈ ಮಾತ್ರ ಹುಷಾರಿ" ಎಂದರು. "ನನ್ನ ಹೊಟ್ಟಿ ನಡಸೂದು ಈ ಕೈ."

ಕೋಟು ಚೆನ್ನಾಗಿಯೇ ಆಯಿತು. ಕೊನೆಗೆ ಮೆತ್ತೆ ಹಚ್ಚಲು ಕೂತೆ. ನಾಲ್ಕು ಮಡಿಕೆ ಕಂಬಳಿಯ ಮೇಲೆ ಕ್ಯಾನ್ವಾಸು ಬಂದರೆ ನನ್ನ ಯಂತ್ರದ ಸೂಜಿ ಅದನ್ನು ದಾಟಲೊಲ್ಲದು. ಒಂದು ಸೂಜಿ ಮುರಿಯಿತು. ಇನ್ನೊಂದು ಹಾಕಿದೆ, ಅದೂ ಮುರಿಯಿತು. ಕೈಯಲ್ಲಿ ಹೊಲಿಯಬೇಕೆಂದರೆ ಎರಡು ದಿನದ ಕೆಲಸ. ಹೊರಗೆ ಬಿಸಿಲು ಹೊಗೆಯಾಡುತ್ತಿತ್ತು. ಈ ಬೇಗೆಯಲ್ಲಿ ಕಂಬಳಿ ಹೊತ್ತು ತಿರುಗಿದರೆ ಪಾಪ, ಈ ಸಣಕಲು ಜೀವ ಬೆಂದು ಹೋದೀತು ಅನ್ನಿಸಿತು. ಮೆತ್ತೆ ಬಿಟ್ಟು ಒಂಟಿ ಕ್ಯಾನ್ವಾಸಿನಲ್ಲೇ ತೋಳು ಮುಗಿಸಿ, ಮೊಣಕೈ, ಭುಜಗಳ ಮೇಲೆ ಮೆತ್ತೆ ಇದ್ದಂತೆ ಕಾಣಲು ನಾಲ್ಕು ಗೆರೆ ಹೊಲಿಗೆ ಓಡಿಸಿದೆ.

ಅದಕ್ಕೆ ಕರುಣೆ ಎಂದು ನಾನೇ ಹೆಸರಿಟ್ಟುಕೊಂಡೆ. ಅದರಲ್ಲಿ ಕರುಣೆ ಕಾಲು ಭಾಗವಿತ್ತೇನೋ. ಉಳಿದದ್ದು ಸೋಮಾರಿತನ, ಮತ್ತು ನನಗೆ ಕಲಿಸಲು ಬಂದವನ ಮೇಲಿನ ಸಿಟ್ಟು. ಆ ನಾಲ್ಕು ಗೆರೆಯಂತೂ ಅಪ್ಪಟ ಮೋಸ.

ನನ್ನ ಹೆಂಡತಿ ಸುಗರಾ ಕಸ ಗುಡಿಸುವಾಗ ಕಂಬಳಿಯನ್ನು ನೋಡಿದಳು.

"ಇದು ಹಾಂಗ ಉಳದೈತಲ್ರಿ? ಹಚ್ಚಲಿಲ್ಲೇನು?"

"ಆ ಮನಶ್ಯಾಗ ಸೆಕಿ ಆಗತೈತಿ. ನನಗ ಗೊತ್ತೈತಿ, ನೀ ಸುಮ್ಮನಿರು" ಎಂದು ಗದರಿದೆ.

ಡಾಕ್ಟರರು ಕೋಟು ಹಾಕಿಕೊಂಡು ಬಾಗಲಕೋಟೆಗೆ ಹೋಗಿ ಬಂದವರೇ ನೇರ ಅಂಗಡಿಗೆ ಬಂದರು. ಮುಖದ ತುಂಬ ನಗು. "ಏನ್ ತಂಪ ಅದರೀ! ಕಂಬಳಿ ಅದ ಅನ್ನೂದ ಗೊತ್ತಾಗೂದಿಲ್ಲ. ನಿಮ್ಮ ಕೈಗೆ ಶಾಬಾಸ್!" ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಹೊಸದಾಗಿ ಗಾಡಿ ಸಿಕ್ಕ ತಮ್ಮ ಇಲಾಖೆಯ ಮೂವರನ್ನು ನನ್ನ ಬಳಿಗೆ ಅಟ್ಟಿದರು. ಇಳಕಲ್ಲಿನ ಲಕ್ಷ್ಮಪ್ಪ, ಬೇವೂರಿನ ಹೊಳಬಸಪ್ಪ, ಬಾದಾಮಿಯ ಬಸಯ್ಯ. ಮೂವರೂ ಹೇಳಿದ್ದು ಒಂದೇ ಮಾತು, 'ಡಾಕ್ಟರ್‌ಗೆ ಹೊಲದಂಥಾದ್ದ ಹೊಲೀರಿ'. ನಾನು ಅಂಥದ್ದನ್ನೇ ಹೊಲಿದೆ. ಮೆತ್ತೆ ಇಲ್ಲದೆ, ನಾಲ್ಕು ಗೆರೆಯೊಂದಿಗೆ.

ಮೇ ತಿಂಗಳ ಒಂದು ಮಧ್ಯಾಹ್ನ ಇಳಕಲ್ಲಿನಿಂದ ಡಾಕ್ಟರರಿಗೆ ಕರೆ ಬಂತು. ಬೋರವ್ವ ಎಂಬವಳ ಎಮ್ಮೆಗೆ ಕರು ಅಡ್ಡ ಬಂದಿತ್ತು. ಅವಸರದಲ್ಲಿ ಹೊರಟರು. ದಾರಿಯ ತಿರುವಿನಲ್ಲಿ ಯಾವುದೋ ಲಾರಿ ಚೆಲ್ಲಿಹೋದ ಜಲ್ಲಿ ಬಿದ್ದಿತ್ತು. ಗಾಡಿ ಜಾರಿ, ಬಲಮಗ್ಗುಲಲ್ಲಿ ಬಹುದೂರ ಉಜ್ಜಿಕೊಂಡು ಹೋದರು. ತಲೆಗೆ ಏನೂ ಆಗಲಿಲ್ಲ. ಅಂಗೈ, ಪಾದ ನೆಟ್ಟಗಿದ್ದವು. ಬಲಮೊಣಕೈಯ ಕ್ಯಾನ್ವಾಸು ಮಾತ್ರ ಸವೆದು, ಅದರಡಿಯ ಚರ್ಮ ಸವೆದು, ಕೀಲಿನವರೆಗೂ ಜಲ್ಲಿಯ ಪುಡಿ ಹೊಕ್ಕಿತ್ತು. ಬೋರವ್ವನ ಎಮ್ಮೆಯೂ ಅಂದು ಉಳಿಯಲಿಲ್ಲ. ಡಾಕ್ಟರರ ಗಾಯ ಕೀವಾಗಿ, ಎರಡು ಸಲ ಕೊಯ್ದು, ಮೂರು ತಿಂಗಳ ಮೇಲೆ ಮಾಯಿತು. ಆದರೆ ಕೈ ಮಡಚುವುದು ನಿಂತೇಹೋಯಿತು. ಕಂಬಳಿ ಇದ್ದಿದ್ದರೆ ಕೀಲು ಉಳಿಯುತ್ತಿತ್ತೇ? ಖಾತ್ರಿಯಾಗಿ ಹೇಳುವವರು ಯಾರು? ಆದರೆ ಮೊಣಕೈ ಮಾತ್ರ ಹುಷಾರಿ ಎಂದು ಅವರು ಬಾಯಿಬಿಟ್ಟು ಹೇಳಿದ್ದರಲ್ಲ, ನನ್ನ ಮನಸ್ಸಿಗೆ ಉತ್ತರ ಗೊತ್ತಿತ್ತು.

ಅವರನ್ನು ಸೇರಿಸಿದ್ದ ದವಾಖಾನೆಗೆ ನೋಡಲು ಹೋದರೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವರ ಕೋಟಿನಿಂದ ಜೀವ ಉಳೀತು" ಎನ್ನುತ್ತಿದ್ದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದಕ್ಕಿಂತ ಕಷ್ಟದ ದಿನ ಆಮೇಲೆ ಬಂತು. ಹರಿದ ಕೋಟನ್ನು ಎಡಗೈಯಲ್ಲಿ ಹಿಡಿದು ಅಂಗಡಿಗೆ ಬಂದು, "ತ್ಯಾಪಿ ಹಚ್ಚಿ ಇಡ್ರಿ. ಒಳಗಿನ ಕಂಬಳಿ ಉಜ್ಜಾಟದಾಗ ಕಿತ್ತು ಬಿದ್ದಿರಬೇಕು, ಒಂದು ಎಳಿನೂ ಉಳದಿಲ್ಲ ನೋಡ್ರಿ" ಎಂದರು.

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ತಲೆಯಾಡಿಸಿದೆ. "ಬಿದ್ದಿರಬೇಕ್ರಿ" ಎಂದೆ. ಮೆತ್ತೆ ಬಿಟ್ಟದ್ದು ತಪ್ಪು, ಆದರೆ ಆ ತಲೆಯಾಡಿಸಿದ್ದಕ್ಕೆ ತಪ್ಪು ಎಂಬ ಹೆಸರು ಸಾಲದು.

ಕರು ತಿರುಗಿಸಲಾಗದ ದನದ ಡಾಕ್ಟರರನ್ನು ಇಲಾಖೆ ಬಾಗಲಕೋಟೆಯ ಕಚೇರಿಗೆ ಹಾಕಿತು. ಔಷಧಿ ಪೆಟ್ಟಿಗೆ ಎಣಿಸುವ ಕೆಲಸ. ತಾಯಿ ಮಗ ಅಲ್ಲಿನ ವಿದ್ಯಾಗಿರಿಯಲ್ಲಿ ಮನೆ ಹಿಡಿದರು. ಸುಗರಾ ಒಂದೇ ಸಲ, "ಹೋಗಿ ಹೇಳಿ ಬರ್ರಿ" ಎಂದಳು. ನಾನು ಹಬ್ಬ ಮುಗಿಯಲಿ, ಮಳೆ ನಿಲ್ಲಲಿ ಎಂದು ದಿನ ದೂಡಿದೆ. ಎರಡು ವರ್ಷ ಹೀಗೆ ಕಳೆದ ಮೇಲೆ ಅವರದೇ ಕಾರ್ಡು ಬಂತು. ಎಡಗೈಯಲ್ಲಿ ಬರೆದ ಸೊಟ್ಟ ಅಕ್ಷರ. ಇಲ್ಲಿಯವರು ಹೊಲಿದ ಅಂಗಿಯ ತೋಳು ಕೈಗೆ ಹೊಂದುತ್ತಿಲ್ಲ, ಬಾಗಲಕೋಟೆಗೆ ಬಂದಾಗ ಅಳತೆ ತೆಗೆದುಕೊಂಡು ಹೋಗಿ ಎಂದು ಬರೆದಿದ್ದರು.

ಮರುದಿನವೇ ಹೋದೆ. ರುಕ್ಮಿಣೀಬಾಯಿ ಚಹಾ ಕೊಟ್ಟು ಒಳಗೆ ಹೋದರು. ಡಾಕ್ಟರರು ಬನಿಯನ್ನಿನಲ್ಲಿ ನನ್ನ ಮುಂದೆ ನಿಂತರು. ಎಡತೋಳಿನ ಸುತ್ತ ಟೇಪು ಹಿಡಿದೆ, ಹತ್ತು ಇಂಚು. ಬಲತೋಳಿಗೆ ಹಿಡಿದರೆ ಎಂಟು ಬಂತು. ಬಳಸದೆ ಬಿಟ್ಟ ತೋಳು ಬತ್ತಿಹೋಗಿತ್ತು. ಮೊಣಕೈಯ ಗಾಯದ ಗಂಟಿನ ಮೇಲೆ ನನ್ನ ಬೆರಳು ಬಿತ್ತು. ಇನ್ನು ನನ್ನಿಂದಾಗಲಿಲ್ಲ.

"ಡಾಕ್ಟರ್ರ, ಕಂಬಳಿ ಕಿತ್ತು ಬಿದ್ದಿರಲಿಲ್ರಿ. ನಾ ಹಚ್ಚಿರಲೇ ಇಲ್ಲ" ಎಂದೆ. ಸೂಜಿ ಮುರಿದದ್ದು, ನಾಲ್ಕು ಗೆರೆ ಹೊಲಿದದ್ದು, ಎಲ್ಲ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಬೈಯಲಿ, ಹೊಡೆಯಲಿ, ಇಲ್ಲವೇ ಹೋಗಲಿ ಬಿಡಿ ಅನ್ನಲಿ ಎಂದು ಕಾದೆ.

ಅವರು ತೋಳನ್ನು ನನ್ನ ಕೈಯಿಂದ ಬಿಡಿಸಿಕೊಂಡರು. ಆಮೇಲೆ ಕೇಳಿದರು:

"ಉಳದ ಮೂರು ಕೋಟು?"

ಖುದಾನಾಣೆ, ಈ ಎರಡು ವರ್ಷದಲ್ಲಿ ಒಂದು ದಿನವೂ ಆ ಮೂವರು ನನ್ನ ನೆನಪಿಗೆ ಬಂದಿರಲಿಲ್ಲ. ನನ್ನ ತಪ್ಪಿನ ಬಗ್ಗೆ ಅಷ್ಟು ಮರುಗಿದ್ದೆ, ಅದೇ ತಪ್ಪನ್ನು ಮೈಮೇಲೆ ಹಾಕಿಕೊಂಡು ಮೂರು ಜನ ದಿನಾಲೂ ತಿರುಗುತ್ತಿದ್ದಾರೆ ಎಂಬುದನ್ನು ಯೋಚಿಸಿರಲಿಲ್ಲ.

"ಅವೂ ಹಾಂಗ ಅದಾವ್ರಿ" ಎಂದೆ.

"ಅವರನ್ನ ನಿಮ್ಮ ಕಡೆ ಕಳಸಿದಾಂವ ನಾನು" ಎಂದರು. "ನನ್ನ ಸಿಟ್ಟು ಆಮ್ಯಾಲೆ ನೋಡೋಣು. ಮೊದಲ ಅವರ ಕಡೆ ಹೋಗ್ರಿ. ಈಗ ಹೋಗ್ರಿ."

ಅಂಗಿಯ ಅಳತೆ ಅರ್ಧಕ್ಕೇ ಉಳಿಯಿತು. ಮನೆಗೆ ಬಂದು ಕಂಬಳಿ ಕತ್ತರಿಸಿ ಮಡಿಕೆ ಹಾಕಿ, ದಬ್ಬಣ, ಮೇಣ ಹಚ್ಚಿದ ದಾರ ಎಲ್ಲ ಚೀಲಕ್ಕೆ ತುಂಬಿಕೊಂಡು ಹೊರಟೆ. ಇಳಕಲ್ಲಿನ ಲಕ್ಷ್ಮಪ್ಪನ ಜಗುಲಿಯಲ್ಲೇ ಕೂತು ಕೈಯಿಂದ ಹೊಲಿದುಕೊಟ್ಟೆ. ಬೇವೂರಿನ ಹೊಳಬಸಪ್ಪನಿಗೂ ಹಾಗೆಯೇ. ಇಬ್ಬರಿಗೂ ನಿಜ ಹೇಳಲಿಲ್ಲ. ಮೊದಲು ಹಚ್ಚಿದ್ದು ಈ ಹೊತ್ತಿಗೆ ಸವೆದಿರುತ್ತದೆ, ಹೊಸದು ಹಚ್ಚುತ್ತೇನೆ ಎಂದೆ. ನನ್ನ ಬಾಯಿ ಇನ್ನೂ ಬುದ್ಧಿ ಕಲಿತಿರಲಿಲ್ಲ. ಅವರು ನನಗೆ ಊಟ ಹಾಕಿ, ಇಂಥ ಸಿಂಪಿಗ ಎಲ್ಲಿ ಸಿಗುತ್ತಾನೆ ಎಂದು ಹೊಗಳಿ ಕಳಿಸಿದರು.

ಬಾದಾಮಿಯಲ್ಲಿ ಆ ಆಟ ನಡೆಯಲಿಲ್ಲ. ಬಸಯ್ಯ ದವಾಖಾನೆಯ ಮುಂದೆ ಅದೇ ಬಿಳಿ ಕೋಟು ತೊಟ್ಟು ಗಾಡಿ ಹತ್ತುತ್ತಿದ್ದ.

"ಬ್ಯಾಡ ಬಿಡ್ರಿ ಸಾಬ್ರ" ಎಂದ. "ಈ ಬಿಸಲಾಗ ಕಂಬಳಿ ಯಾಕ? ಹಿಂಗ ಭಾಳ ತಂಪ ಐತಿ. ಸೆಕಿ ಆಗತೈತಿ, ಬ್ಯಾಡ."

ಎರಡು ವರ್ಷದ ಹಿಂದೆ ಸುಗರಾಳಿಗೆ ನಾನು ಹೇಳಿದ ಮಾತೇ ಅದು. ಎಷ್ಟು ಕೇಳಿಕೊಂಡರೂ ಒಪ್ಪದೆ ಗಾಡಿಯ ಕಿಕ್ ಹೊಡೆದ. ನಾನು ಹ್ಯಾಂಡಲ್ ಹಿಡಿದುಕೊಂಡೆ.

"ಬಸಯ್ಯ, ಇದರಾಗ ಮೊದಲಿಂದನೂ ಕಂಬಳಿ ಇಲ್ಲ. ಡಾಕ್ಟರ ಕೋಟಿನ್ಯಾಗೂ ಇರಲಿಲ್ಲ. ನಾನ ಬಿಟ್ಟಿದ್ದೆ. ಅವರ ಕೈ ಹೋಗಿದ್ದು ಅದಕ್ಕ."

ಅವನು ಗಾಡಿ ಆರಿಸಿದ. ಇಳಿದು ಕೋಟು ಬಿಚ್ಚಿ, ಮೊಣಕೈಯ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದ.

"ಡಾಕ್ಟರ್‌ಗೆ ಗೊತ್ತೈತೇನು?"

"ಹೇಳಿ ಬಂದೇನಿ. ಅವರ ಕಳಿಸ್ಯಾರ."

ನಾನು ಚೀಲ ಬಿಚ್ಚಿ ದಬ್ಬಣ ತೆಗೆದು ಕೋಟಿಗಾಗಿ ಕೈ ಚಾಚಿದೆ. ಅವನು ಕೊಡಲಿಲ್ಲ.

"ಕಂಬಳಿ ತುಂಡು ಇಲ್ಲಿ ಇಟ್ಟು ಹೋಗ್ರಿ" ಎಂದ. ಸಿಟ್ಟಿನಿಂದ ಹೇಳಲಿಲ್ಲ, ನನ್ನ ಮುಖ ನೋಡದೆ ಮೆಲ್ಲಗೆ ಹೇಳಿದ. "ನಾ ಬ್ಯಾರೆ ಸಿಂಪಿಗ್ಯಾನ ಕಡೆ ಹಚ್ಚಿಸಿಕೊಂತೇನಿ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾಲ್ಕೂ ತುಂಡುಗಳನ್ನು ಗಾಡಿಯ ಸೀಟಿನ ಮೇಲಿಟ್ಟೆ. ಆಮೇಲೆ ಬಸ್ ನಿಲ್ದಾಣಕ್ಕೆ ನಡೆದೆ. ಇಳಕಲ್ಲಿಗೂ ಬೇವೂರಿಗೂ ಇನ್ನೊಮ್ಮೆ ಹೋಗುವುದಿತ್ತು.